ಚೀಲ ಹೋದ ದಾರಿ, ನೀರು ಬಂದ ದಾರಿ



ಈ ಉಪನ್ಯಾಸದ ದತ್ತಿಯನ್ನು ಇಟ್ಟ ಹಿರಿಯರು ಒಂದೇ ಒಂದು ಕರಾರು ಹಾಕಿದ್ದರಂತೆ: ವರ್ಷಕ್ಕೊಮ್ಮೆ ಡೊಂಬಿವಲಿಯಲ್ಲಿ ಕನ್ನಡದಲ್ಲಿ ವಿಜ್ಞಾನದ ಮಾತು ನಡೆಯಬೇಕು, ಅದು ಅಡುಗೆಮನೆಯ ತನಕ ಬರುವಂತಿರಬೇಕು. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು. ಹಾಗಾಗಿ ಅಡುಗೆಮನೆಯಿಂದಲೇ ಶುರು ಮಾಡುತ್ತೇನೆ, ಅಲ್ಲಿನ ನಲ್ಲಿಯಿಂದ.

ಕಲ್ಯಾಣ್-ಡೊಂಬಿವಲಿಗೆ ನೀರು ಕೊಡುವುದು ಉಲ್ಹಾಸ್ ನದಿ. ಸಹ್ಯಾದ್ರಿಯಲ್ಲಿ ಹುಟ್ಟಿ, ಕರ್ಜತ್, ಬದ್ಲಾಪುರ ದಾಟಿ, ಮೋಹಿಲಿಯ ಹತ್ತಿರ ನಮ್ಮ ಪಂಪಿಗೆ ಸಿಗುತ್ತದೆ. ಉದ್ದದ ನದಿಯೇನಲ್ಲ. ಮಳೆಗಾಲದಲ್ಲಿ ಬದ್ಲಾಪುರವನ್ನು ಮುಳುಗಿಸುವಷ್ಟು ಅಬ್ಬರ, ಬೇಸಿಗೆ ಬಂತೆಂದರೆ ತಳದ ಕಲ್ಲು ಕಾಣಬೇಕಾದ ಹೊಳೆ. ಮೇ ತಿಂಗಳಲ್ಲೂ ಅದು ಹರಿಯುವುದಕ್ಕೆ ದೊಡ್ಡ ಕಾರಣ ಘಟ್ಟದ ಮೇಲಿದೆ. 1922ರ ಹೊತ್ತಿಗೆ ಟಾಟಾ ಕಂಪನಿ ಥೋಕರವಾಡಿಯಲ್ಲಿ ಆಂಧ್ರಾ ಎಂಬ ಸಣ್ಣ ಹೊಳೆಗೆ ಅಣೆಕಟ್ಟು ಕಟ್ಟಿತು. ಪೂರ್ವಕ್ಕೆ ಹೋಗುತ್ತಿದ್ದ ನೀರನ್ನು ಪಶ್ಚಿಮಕ್ಕೆ ತಿರುಗಿಸಿ, ಘಟ್ಟದ ಕೆಳಗೆ ಭಿವಪುರಿಯಲ್ಲಿ ವಿದ್ಯುತ್ ತೆಗೆಯಿತು. ಟರ್ಬೈನು ತಿರುಗಿಸಿದ ಆ ನೀರು ಇಳಿಯುವುದು ಉಲ್ಹಾಸಕ್ಕೆ. ಆಂಧ್ರಾ ಸೇರಬೇಕಾದದ್ದು ಇಂದ್ರಾಯಣಿಯನ್ನು, ಇಂದ್ರಾಯಣಿ ಭೀಮೆಯನ್ನು, ಭೀಮೆ ಕೃಷ್ಣೆಯನ್ನು. ಪಂಢರಪುರದ ಘಾಟಿನ ಮೆಟ್ಟಿಲು ಮುಟ್ಟಿ ಇಂಡಿ, ಅಫಜಲಪುರದ ಕಡೆ ಹೋಗಬೇಕಾಗಿದ್ದ ನೀರಿನ ಒಂದು ಪಾಲು ಈ ಮೇಜಿನ ಮೇಲೆ ನನಗಾಗಿ ಇಟ್ಟ ಲೋಟದಲ್ಲಿದೆ.

ಈ ಸಂಗತಿ ನನಗೆ ಗೊತ್ತಾದದ್ದು ಇಲ್ಲಿಗೆ ಬಂದು ಹತ್ತು ವರ್ಷವಾದ ಮೇಲೆ. ನಾನು ರಾಯಬಾಗ ತಾಲೂಕಿನವನು, ಕೃಷ್ಣೆಯ ದಂಡೆಯ ಊರಿನವನು. ಊರು ಬಿಟ್ಟು ಬಂದೆ, ಹೊಳೆಯನ್ನೂ ಬಿಟ್ಟು ಬಂದೆ ಅಂದುಕೊಂಡಿದ್ದೆ. ಹೊಳೆಯ ಒಂದು ಎಳೆ ಹಿಂದೆಯೇ ಬಂದಿತ್ತು. ಇವತ್ತಿನ ವಿಷಯ ಗೊಬ್ಬರ. ಗೊಬ್ಬರವೂ ಹೀಗೆಯೇ, ಹಾಕಿದ ಹೊಲದಲ್ಲಿ ನಿಲ್ಲುವುದಿಲ್ಲ. ಗಡಿ ದಾಟುತ್ತದೆ. ಅದು ದಾಟುವ ಗಡಿಗಳಲ್ಲಿ ಒಂದು ನಮ್ಮ ಮನೆಯ ಹೊಸ್ತಿಲು ಎಂಬುದೇ ನಾನು ಹೇಳಬೇಕೆಂದಿರುವ ಮಾತು.

ಮೊದಲು ಚೀಲದ ಕತೆ. ಹಾರ್ಬರ್ ಲೈನಿನಲ್ಲಿ ವಾಶಿ ಸೇತುವೆ ದಾಟುವಾಗ ದಕ್ಷಿಣಕ್ಕೆ ನೋಡಿದರೆ ಥಾಣೆ ಖಾಡಿ ಎಂಬ ಸಮುದ್ರದ ತೋಳಿನ ಆಚೆ ಟ್ರಾಂಬೆಯ ಗುಡ್ಡ ಕಾಣುತ್ತದೆ. ಅಲ್ಲಿಯ ಗೊಬ್ಬರ ಕಾರ್ಖಾನೆ ಶುರುವಾದದ್ದು 1965ರಲ್ಲಿ, 1978ರಿಂದ ಅದು ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್. ಸುಫಲಾ 15:15:15 ಎಂಬ ಚೀಲ ಅಲ್ಲಿಯದು. ನನ್ನ ಅಪ್ಪ ಓದು ಬರಹ ಬಾರದವರು, ಆದರೆ ಆ ಮೂರು ಹದಿನೈದುಗಳನ್ನು ಗುರುತಿಸುತ್ತಿದ್ದರು. ಬರಿದಾದ ಚೀಲ ಮಳೆಗಾಲದಲ್ಲಿ ನನಗೆ ಕೊಪ್ಪೆಯಾಗುತ್ತಿತ್ತು, ಅದನ್ನು ತಲೆಗೆ ಹಾಕಿಕೊಂಡೇ ಸಾಲೆಗೆ ಹೋಗುತ್ತಿದ್ದೆ. ನಮ್ಮ ಕಡೆ ಚೀಲದ ಗೊಬ್ಬರಕ್ಕೆ ಸರಕಾರಿ ಗೊಬ್ಬರ ಎನ್ನುತ್ತಾರೆ, ತಿಪ್ಪೆಯದು ಮಾತ್ರ ಬರೀ ಗೊಬ್ಬರ. ಯೂರಿಯಾಕ್ಕೆ ಬೇಕಾದ ಅನಿಲ, ರಂಜಕಕ್ಕೆ ಬೇಕಾದ ಶಿಲೆ, ಪೊಟ್ಯಾಷ್ ಇವುಗಳಲ್ಲಿ ಹೆಚ್ಚಿನವು ಹೊರದೇಶದಿಂದ ಹಡಗಿನಲ್ಲಿ ಬರುತ್ತವೆ: ಕತಾರಿನ ಅನಿಲ, ಮೊರಾಕ್ಕೊದ ಶಿಲೆ, ಕೆನಡಾದ ಪೊಟ್ಯಾಷ್. ಆ ಶಿಲೆಯ ಜೊತೆ ಕ್ಯಾಡ್ಮಿಯಂ ಎಂಬ ವಿಷಲೋಹವೂ ತುಸು ಬರುತ್ತದೆ. ಯುರೋಪು 2022ರಿಂದ ಅದಕ್ಕೆ ಮಿತಿ ಹಾಕಿದೆ: ಒಂದು ಕೆಜಿ ರಂಜಕದ ಪೆಂಟಾಕ್ಸೈಡಿಗೆ 60 ಮಿಲಿಗ್ರಾಂ. ಹೀಗೆ ಹೊಲಕ್ಕೆ ಬೀಳುವ ಮೊದಲೇ ಚೀಲ ಮೂರು ಸಮುದ್ರ ಕಂಡಿರುತ್ತದೆ.

ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಈಗಿನ 45 ಕೆಜಿ ಚೀಲದಲ್ಲಿ 20.7 ಕೆಜಿ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಅಮೋನಿಯಾ ಮಾಡುವುದನ್ನು ಫ್ರಿಟ್ಜ್ ಹೇಬರ್ 1909ರಲ್ಲಿ ತೋರಿಸಿದ, ಕಾರ್ಲ್ ಬಾಷ್ ಅದನ್ನು 1913ರಲ್ಲಿ ಕಾರ್ಖಾನೆಗೆ ತಂದ. ಜಗತ್ತಿನ ಸುಮಾರು ಅರ್ಧ ಜನರ ಅನ್ನ ಇವತ್ತು ಅದರ ಮೇಲೆ ನಿಂತಿದೆ. ಹಾಗಾಗಿ ಗೊಬ್ಬರವೇ ಬೇಡ ಎನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ. ಬರದ ವರ್ಷ ಅಮೆರಿಕದ ಕೆಂಪು ಜೋಳದ ರೊಟ್ಟಿ ತಿಂದು ಬೆಳೆದವನು ನಾನು. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಂದೇ ಏಟಿಗೆ ನಿಲ್ಲಿಸಿತು, ಭತ್ತದ ಇಳುವರಿ ಕುಸಿಯಿತು, ವರ್ಷ ಮುಗಿಯುವ ಮೊದಲೇ ಆಜ್ಞೆ ಹಿಂದೆ ತೆಗೆದುಕೊಳ್ಳಬೇಕಾಯಿತು. ಅಲ್ಲಿಯ ರೈತರು ಅನುಭವಿಸಿದ್ದು ಸಣ್ಣ ಕಷ್ಟವಲ್ಲ.

ಆದರೆ ಹಾಕಿದ್ದೆಲ್ಲ ಬೆಳೆಗೆ ಹೋಗುವುದಿಲ್ಲ. ಗದ್ದೆಯ ಭತ್ತ ಹೀರಿಕೊಳ್ಳುವುದು ನೂರಕ್ಕೆ ಮೂವತ್ತು, ನಲವತ್ತು ಪಾಲು. ಉಳಿದದ್ದು? ನಮ್ಮ ಕಡೆಯ ಎರೆಭೂಮಿ ಸ್ವಲ್ಪ ಕ್ಷಾರದ್ದು, ಅದರ ಮೇಲೆ ಯೂರಿಯಾ ಎರಚಿ ಬಿಟ್ಟರೆ ಒಂದಿಷ್ಟು ಅಮೋನಿಯಾ ಆಗಿ ಹಾರಿಹೋಗುತ್ತದೆ. ಮಣ್ಣಿಗೆ ಸೇರಿದ್ದನ್ನು ಸೂಕ್ಷ್ಮಜೀವಿಗಳು ನೈಟ್ರೇಟ್ ಮಾಡುತ್ತವೆ. ಎರೆಮಣ್ಣಿನ ಕಣ ಋಣ ವಿದ್ಯುದಂಶದ್ದು, ನೈಟ್ರೇಟ್ ಕೂಡ ಋಣದ್ದು. ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳಲಾರದು. ನೀರು ಹಾಯಿಸಿದರೆ ನೀರಿನ ಜೊತೆ ಇಳಿಯುತ್ತದೆ, ಬಾವಿಗೆ, ಬೋರಿಗೆ, ಹಳ್ಳಕ್ಕೆ. ಮೂವತ್ತು ವರ್ಷ ಇದನ್ನು ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ಕಲಿಸಿದ್ದೇನೆ. ಬಾಣದ ತುದಿಯಲ್ಲಿ ಯಾರ ಮನೆ ಇದೆ ಎಂದು ನೋಡಿದ್ದು ನಿವೃತ್ತಿಯ ಮೇಲೆ.

ಚಿಕ್ಕಪ್ಪನ ಮಗ, ವರಸೆಯಲ್ಲಿ ನನ್ನ ತಮ್ಮ, ಊರಲ್ಲಿ ಕಬ್ಬು ಬೆಳೆಯುತ್ತಾನೆ. ಕಬ್ಬಿಗೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 250 ಕೆಜಿ ಸಾರಜನಕ, ಅಂದರೆ ಎಕರೆಗೆ ಸುಮಾರು ಐದು ಚೀಲ ಯೂರಿಯಾದಷ್ಟು. ಅವನು ಹಾಕುತ್ತಿದ್ದದ್ದು ಏಳು, ಅದರ ಮೇಲೆ ಡಿಎಪಿ ಗೊಬ್ಬರ ಬೇರೆ. ಕೇಳಿದರೆ, "ಅಣ್ಣಾ, ಐದ ಹಾಕಂತಾರ ಅವ್ರು. ಏಳ ಹಾಕಿದ್ರ ಕಬ್ಬ ಎಷ್ಟ ಹಸರ ಆಗತೈತಿ ನೀನ ನೋಡು. ಮತ್ತ ಯೂರಿಯಾ ತುಟ್ಟಿ ಏನ್ ಐತಿ?" ಎಂದ. ಕೊನೆಯ ಮಾತು ಅವನ ತಪ್ಪಲ್ಲ. 45 ಕೆಜಿ ಯೂರಿಯಾ ಚೀಲ ರೈತನಿಗೆ ₹266.50ಕ್ಕೆ ಸಿಗುತ್ತದೆ. 2010ರಲ್ಲಿ ರಂಜಕ, ಪೊಟ್ಯಾಷಿನ ಬೆಲೆಯನ್ನು ಸಡಿಲ ಬಿಟ್ಟ ಸರ್ಕಾರ ಯೂರಿಯಾದ ಬೆಲೆಯನ್ನು ಹಿಡಿದಿಟ್ಟಿತು. ಅಂದಿನಿಂದ ಹೊಲಗಳು ಒಂದೇ ಪೋಷಕವನ್ನು ಉಂಡು ಉಂಡು ಬೇರೆಯದಕ್ಕೆ ಹಸಿದಿವೆ. ಅಗ್ಗದ್ದು ಹೆಚ್ಚು ಬೀಳುತ್ತದೆ, ಅಷ್ಟೇ.

ಹೋದ ಸಲ ಊರಿಗೆ ಹೋದಾಗ ನೈಟ್ರೇಟ್ ಅಳೆಯುವ ಪಟ್ಟಿಗಳ ಒಂದು ಡಬ್ಬಿಯನ್ನು ಜೊತೆಗೆ ಒಯ್ದಿದ್ದೆ. ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿ, ತುದಿಯಲ್ಲಿ ಬಿಳಿಯ ಚಿಕ್ಕ ಚೌಕ. ನೀರಲ್ಲಿ ಅದ್ದಿ ಒಂದು ನಿಮಿಷ ಕಾದರೆ ಚೌಕ ಗುಲಾಬಿಗೆ ತಿರುಗುತ್ತದೆ, ಡಬ್ಬಿಯ ಮೇಲಿನ ಬಣ್ಣಗಳ ಜೊತೆ ಹಿಡಿದು ನೋಡಬೇಕು. ತಮ್ಮನ ಹಿತ್ತಲ ಬೋರಿನ ನೀರಿಗೆ ಅದ್ದಿದೆ. ನಿಮಿಷ ತುಂಬುವ ಮೊದಲೇ ಚೌಕ ಕಡುಗೆಂಪಾಯಿತು, ಡಬ್ಬಿಯ ಮೇಲಿನ ಕೊನೆಯ ಬಣ್ಣ. ನಮ್ಮ ದೇಶದ ಮಾನಕ ಲೀಟರಿಗೆ 45 ಮಿಲಿಗ್ರಾಂ, ಅದನ್ನು ಹೇಳುವ ಬಣ್ಣ ಎಲ್ಲೋ ನಡುವೆ ಉಳಿದಿತ್ತು. ತಮ್ಮ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕುಂಕುಮದಂತಿದೆ ಎಂದ. ಒಳಗೆ ಅವನ ಮೂರು ತಿಂಗಳ ಮೊಮ್ಮಗಳು ಅಳುತ್ತಿದ್ದಳು. ಸೊಸೆಗೆ ಹಾಲು ಸಾಲದೆ ಡಬ್ಬಿಯ ಹಾಲಿನ ಪುಡಿ ಕಲಸಿ ಕೊಡುತ್ತಿದ್ದರು. ಯಾವ ನೀರು ಎಂದು ಕೇಳಿದೆ. "ಬೋರಿಂದ ರೀ ಮಾವಾರ. ಚೊಲೋತಂಗ ಇಪ್ಪತ್ತ ಮಿನಿಟ ಕುದಿಸೇನ್ರಿ," ಎಂದಳು ಆ ಹುಡುಗಿ, ಹೆಮ್ಮೆಯಿಂದ. ಅವಳು ಕಲಿತದ್ದನ್ನು ಸರಿಯಾಗಿಯೇ ಮಾಡಿದ್ದಳು.

ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ಮನೆಯಲ್ಲಿರುವ ಕ್ಯಾಂಡಲ್ ಫಿಲ್ಟರಿಗೂ ಯುವಿ ದೀಪಕ್ಕೂ ಅದು ಸಿಗುವುದಿಲ್ಲ. ಆರ್‌ಒ ಯಂತ್ರ ಬಹುಪಾಲು ತಡೆಯುತ್ತದೆ. ಆರು ತಿಂಗಳೊಳಗಿನ ಕೂಸಿನ ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದ ಹಾಗೆ ಮಾಡುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯ ಬಾವಿ ನೀರಿಗೂ ಇದಕ್ಕೂ ಇರುವ ನಂಟನ್ನು ಮೊದಲು ಬರೆದು ತೋರಿಸಿದ. ಆ ಮನೆಗಳ ಬಾವಿ ನೀರನ್ನು ದೊಡ್ಡವರೂ ಕುಡಿಯುತ್ತಿದ್ದರು, ಅವರಿಗೇನೂ ಆಗಿರಲಿಲ್ಲ. ದೊಡ್ಡವರ ವಿಷಯದಲ್ಲಿ ಉತ್ತರ ಇನ್ನೂ ಪೂರ್ತಿ ಸಿಕ್ಕಿಲ್ಲ. 2018ರಲ್ಲಿ ಡೆನ್ಮಾರ್ಕಿನ 27 ಲಕ್ಷ ಜನರ ದಾಖಲೆ ಹಿಡಿದು ಮಾಡಿದ ಅಧ್ಯಯನ, ಈಗಿನ ಮಿತಿಗಿಂತ ಬಹಳ ಕೆಳಗಿನ ನೈಟ್ರೇಟಿಗೂ ದೊಡ್ಡ ಕರುಳಿನ ಕ್ಯಾನ್ಸರಿಗೂ ಸಂಬಂಧ ಕಂಡಿತು. ಸಂಬಂಧ ಎಂದರೆ ಕಾರಣ ಎಂದಾಗುವುದಿಲ್ಲ, ಆದರೆ ಅದನ್ನು ಓದಿದ ಮೇಲೆ 45 ಎಂಬ ಅಂಕಿಯನ್ನು ನಾನು ಮೊದಲಿನ ಭರವಸೆಯಿಂದ ನೋಡಲಾರೆ.

ನಮ್ಮ ಕೂಸಿಗೆ ಏನೂ ಆಗಿರಲಿಲ್ಲ. ಅಂದಿನಿಂದಲೇ ನೀರು ಬದಲಿಸಿದರು. ಆದರೆ ಆ ಬೋರು ಒಂಟಿಯಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಮಾದರಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ಮಹಾರಾಷ್ಟ್ರದಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಿತಿ ಮೀರಿವೆ. ದೇಶದಲ್ಲಿ ಇಂಥ ಜಿಲ್ಲೆಗಳು 2017ರಲ್ಲಿ 359 ಇದ್ದವು, 2023ಕ್ಕೆ 440 ಆದವು. ಎಲ್ಲವೂ ಯೂರಿಯಾದ್ದಲ್ಲ. ಊರೊಳಗಿನ ಕಕ್ಕಸು ಗುಂಡಿ, ಬೋರಿನ ಪಕ್ಕದ ತಿಪ್ಪೆ ಕೂಡ ಪಾಲುದಾರರು. ತಮ್ಮನ ತಿಪ್ಪೆ ಬೋರಿಗೆ ಹತ್ತು ಮಾರು ದೂರದಲ್ಲಿತ್ತು.

ಇನ್ನು ರಾಜ್ಯದ ಗಡಿ. ಕೊಲ್ಹಾಪುರದ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರಿ ಮುಂದೆ ಬೆಳಗಾವಿ ಜಿಲ್ಲೆಗೆ ಬರುತ್ತದೆ. ಮೇಲೆ ಶಿರೋಳ, ಮಿರಜ. ಕೆಳಗೆ ಚಿಕ್ಕೋಡಿ, ಅಥಣಿ, ರಾಯಬಾಗ. ಎರಡೂ ಕಡೆ ಅದೇ ಕಬ್ಬು, ಅದೇ ನೀರು ನಿಲ್ಲಿಸುವ ಚಟ, ಅದೇ ಬೆಳ್ಳಗಾದ ನೆಲ. ಅವರು ಕ್ಷಾರಪಡ್ ಎನ್ನುತ್ತಾರೆ, ನಾವು ಸವಳು-ಜವಳು ಎನ್ನುತ್ತೇವೆ. ಬಚಾವತ್ ನ್ಯಾಯಮಂಡಳಿ ಕೃಷ್ಣೆಯನ್ನು ಹಂಚಿತು: ಮಹಾರಾಷ್ಟ್ರಕ್ಕೆ 560 ಟಿಎಂಸಿ, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. ಆ ಲೆಕ್ಕಕ್ಕಾಗಿ ಎಷ್ಟು ವಕೀಲರು, ಎಷ್ಟು ವರ್ಷ, ಎಷ್ಟು ಬಂದ್! ಗಡಿಯಲ್ಲಿ ನಾವು ಜಗಳಾಡಿದ್ದು ನೀರು ಎಷ್ಟು ಎಂದು. ನೀರಿನಲ್ಲಿ ಏನಿದೆ ಎಂದು ಒಂದು ಬಂದ್ ಕೂಡ ನಡೆದದ್ದನ್ನು ನಾನು ಕಾಣೆ. ಮೇಲಿನವರ ಗೊಬ್ಬರ, ಮೇಲಿನ ಊರುಗಳ ಗಟಾರ ಕೆಳಗಿನವರ ಹೊಳೆಗೆ. ಕೆಳಗಿನವರದು ಇನ್ನೂ ಕೆಳಗಿನವರಿಗೆ. ರಾಯಬಾಗದವನಾದ ನನಗೆ ಕೊಲ್ಹಾಪುರದ ಮೇಲೆ ಸಿಟ್ಟು ಮಾಡುವುದು ಸುಲಭ. ಬಾಗಲಕೋಟೆಯವರು ನಮ್ಮ ಮೇಲೆ ಸಿಟ್ಟು ಮಾಡಬೇಕೆಂಬುದನ್ನೂ ಅಷ್ಟೇ ಸುಲಭವಾಗಿ ಒಪ್ಪಬೇಕು.

ಇಲ್ಲಿಯ ತನಕ ಹೇಳಿದ್ದು ಊರಿನ ಲೆಕ್ಕ. ಈಗ ಡೊಂಬಿವಲಿಯದು.

ಹೊಲದ ಸಾರಜನಕದಲ್ಲಿ ಬೆಳೆಗೆ ದಕ್ಕಿದ ಪಾಲು ಎಲ್ಲಿಗೆ ಹೋಯಿತು? ಜೋಳ, ತೊಗರಿ, ಗೋಧಿ, ಹಾಲು, ತರಕಾರಿ ಆಗಿ ವಾಶಿಯ ಎಪಿಎಂಸಿಗೆ, ಕಲ್ಯಾಣದ ಮಾರುಕಟ್ಟೆಗೆ ಬಂತು. ಬೆಳಗಿನ ಜಾವ ತುರ್ಭೆಯ ಗೇಟಿನಲ್ಲಿ ನಿಂತು ಕೆಎ 23 ಎಂಬ ಚಿಕ್ಕೋಡಿಯ ನಂಬರಿನ ಲಾರಿ ಕಂಡರೆ ನನಗೆ ಊರಿನವರನ್ನು ಕಂಡಷ್ಟೇ ಖುಷಿ. ಆ ಕಾಳು, ಆ ಸೊಪ್ಪು ನಮ್ಮ ಹೊಟ್ಟೆಗೆ ಬಂತು. ಬೆಳೆದು ನಿಂತ ಮನುಷ್ಯ ತಿಂದ ಸಾರಜನಕವನ್ನು ಮೈಯಲ್ಲಿ ಇಟ್ಟುಕೊಳ್ಳುವುದಿಲ್ಲ, ಬಹುತೇಕ ಅಷ್ಟನ್ನೂ ಹೊರಗೆ ಬಿಡುತ್ತಾನೆ. ನಮ್ಮ ದೇಶದ ಊಟದ ಮೇಲೆ ಮಾಡಿದ ಅಂದಾಜು ತಲೆಗೆ ವರ್ಷಕ್ಕೆ ಸುಮಾರು 2.7 ಕೆಜಿ. ನಾಲ್ಕು ಜನರ ಮನೆಯಿಂದ ವರ್ಷಕ್ಕೆ ಅರ್ಧ ಚೀಲ ಯೂರಿಯಾದಷ್ಟು. ನೂರು ಫ್ಲ್ಯಾಟಿನ ಸೊಸೈಟಿಯಿಂದ ಐವತ್ತು ಚೀಲ. 2011ರ ಜನಗಣತಿಯಲ್ಲಿ ಥಾಣೆ ಪಾಲಿಕೆಯಲ್ಲಿ 18.41 ಲಕ್ಷ, ಕಲ್ಯಾಣ್-ಡೊಂಬಿವಲಿಯಲ್ಲಿ 12.47 ಲಕ್ಷ, ನವಿಮುಂಬಯಿಯಲ್ಲಿ 11.20 ಲಕ್ಷ ಜನ. ಮೂರನ್ನೂ ಕೂಡಿಸಿ ಗುಣಿಸಿದರೆ ವರ್ಷಕ್ಕೆ ಐದೂವರೆ ಲಕ್ಷ ಚೀಲದ ಹತ್ತಿರ. ದಿನಕ್ಕೆ 1,500 ಚೀಲ. ಈ ಲೆಕ್ಕವನ್ನು ಮೂರು ಸಲ ಮಾಡಿದೆ, ನಂಬಿಕೆ ಬರಲಿಲ್ಲ. ಇವತ್ತಿನ ಜನಸಂಖ್ಯೆ ಹಿಡಿದರೆ ಇನ್ನೂ ಹೆಚ್ಚು.

ತಮ್ಮ ಎಕರೆಗೆ ಎರಡು ಚೀಲ ಹೆಚ್ಚು ಹಾಕಿದ್ದಕ್ಕೆ ಅವನನ್ನು ಬೈದ ನಾನು, ನನ್ನ ಕಟ್ಟಡದ ಪೈಪಿನಿಂದ ಇಳಿಯುವ ಐವತ್ತು ಚೀಲದ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ಅದು ಹೊಲಕ್ಕೆ ಹಿಂತಿರುಗುವುದಿಲ್ಲ. ನವಿಮುಂಬಯಿ ತನ್ನ ಕೊಳಚೆ ನೀರನ್ನು ಚೆನ್ನಾಗಿ ಶುದ್ಧಮಾಡುವ ಊರು, ಅದನ್ನು ಮೆಚ್ಚಲೇಬೇಕು. ಉಳಿದ ಕಡೆ ನಾಲೆಗಳ ಬಾಯಿ ಉಲ್ಹಾಸಕ್ಕೋ ವಾಲಧುನಿ ನದಿಗೋ ಖಾಡಿಗೋ ತೆರೆದಿದೆ. ವನಶಕ್ತಿ ಸಂಸ್ಥೆಯ ಅರ್ಜಿಯ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಉಲ್ಹಾಸ್ ಮತ್ತು ವಾಲಧುನಿಯ ಮಾಲಿನ್ಯದ ಬಗ್ಗೆ ತೀರ್ಪು ಕೊಟ್ಟದ್ದು ನಿಮಗೆ ನೆನಪಿರಬಹುದು. ಚಳಿಗಾಲ ಕಳೆಯುತ್ತಿದ್ದಂತೆ ಮೋಹನೆಯ ಹತ್ತಿರ ನದಿಯನ್ನು ನೋಡಿ: ದಡದಿಂದ ದಡಕ್ಕೆ ಹಸಿರು ಚಾಪೆ, ನಡುವೆ ನೇರಳೆ ಹೂ. ಇಲ್ಲಿಯವರು ಜಲಪರ್ಣಿ ಎನ್ನುವ ಗಿಡ ಅದು, ನಮ್ಮ ಕಡೆ ಇದನ್ನೂ ಅಂತರಗಂಗೆ ಎಂದೇ ಕರೆಯುವುದುಂಟು. ಅದರ ಕೆಳಗೆ ಬೆಳಕಿಲ್ಲ, ಕೊಳೆತಾಗ ಆಮ್ಲಜನಕವಿಲ್ಲ, ಮೀನಿಗೆ ಉಸಿರಿಲ್ಲ. ಪಾಲಿಕೆಯವರು ಯಂತ್ರ ಇಳಿಸಿ ಎತ್ತುತ್ತಾರೆ, ಮುಂದಿನ ವರ್ಷ ಮತ್ತೆ ಬರುತ್ತದೆ. ಬರದೆ ಏನು ಮಾಡೀತು, ಉಣ್ಣಿಸುವ ಕೈ ನಿಂತಿಲ್ಲ.

ಖಾಡಿಯ ರಾಜಹಂಸಗಳ ಮಾತನ್ನೂ ಇಲ್ಲೇ ಹೇಳಬೇಕು. ನೆರೂಳಿನಲ್ಲಿ, ಐರೋಲಿಯಲ್ಲಿ ಇರುವವರು ಅವುಗಳನ್ನು ಮಕ್ಕಳಂತೆ ಪ್ರೀತಿಸುತ್ತೀರಿ. 1990ರ ದಶಕದಿಂದ ಇಲ್ಲಿಗೆ ಬರತೊಡಗಿದ ಹಕ್ಕಿಗಳ ಎಣಿಕೆ ಕೆಲವು ವರ್ಷ ಲಕ್ಷ ದಾಟಿತು. ಥಾಣೆ ಖಾಡಿ 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ತಾಣವೂ ಆಯಿತು. ಸಣ್ಣ ರಾಜಹಂಸದ ಮುಖ್ಯ ಆಹಾರ ನೀಲಿ-ಹಸಿರು ಪಾಚಿ. ಖಾಡಿಯ ಕೆಸರಿನಲ್ಲಿ ಆ ಪಾಚಿ ಹುಲುಸಾಗಿ ಬೆಳೆಯುವುದಕ್ಕೆ ನಮ್ಮ ಗಟಾರದ ಸಾರಜನಕ, ರಂಜಕ ಕಾರಣ ಎಂಬುದು ಹಲವು ತಜ್ಞರ ಅಭಿಪ್ರಾಯ. ಅದು ಸರಿಯಾದರೆ ಆ ರೆಕ್ಕೆಯ ಗುಲಾಬಿಯಲ್ಲಿ ಊರಿನ ಹೊಲಗಳ ಚೀಲದ ಪಾಲೂ ಇದೆ. ಹಕ್ಕಿ ಬಂದಿದೆ, ಆದ್ದರಿಂದ ಖಾಡಿ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಹಕ್ಕಿಯನ್ನು ಕಾಪಾಡೋಣ, ಆದರೆ ಕೊಳೆ ಇದ್ದರೇ ಹಕ್ಕಿಗೆ ಒಳ್ಳೆಯದು ಎಂಬ ನೆಪ ಹೇಳದಿರೋಣ.

ಥಾಣೆಯಿಂದ ಕಲ್ಯಾಣದ ತನಕ ಹಳಿಯ ಪಕ್ಕದಲ್ಲಿ ಪಾಲಕ್, ಹರಿವೆ, ಬೆಂಡೆ ಬೆಳೆಯುವವರನ್ನು ನೀವು ಲೋಕಲ್ಲಿನ ಕಿಟಕಿಯಿಂದ ನೋಡಿದ್ದೀರಿ. ನಾಲೆಯ ನೀರು ಹಾಯಿಸುತ್ತಾರೆಂದು ಬೈಯುತ್ತೇವೆ. ನಾನು ಆ ಸೊಪ್ಪು ಕೊಳ್ಳುವುದಿಲ್ಲ, ಕಾರ್ಖಾನೆಯ ಲೋಹ ಮತ್ತು ರೋಗಾಣುಗಳ ಭಯ ನಿಜವಾದದ್ದು. ಸಾಲದ್ದಕ್ಕೆ ಪಾಲಕ್ಕಿನಂಥ ಎಲೆ ನೈಟ್ರೇಟನ್ನು ತನ್ನಲ್ಲಿ ಕೂಡಿಡುತ್ತದೆ. ಆದರೂ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತದೆ. ಇಡೀ ನಗರ ಸಮುದ್ರಕ್ಕೆ ಸುರಿಯುವ ಗೊಬ್ಬರವನ್ನು ಹಿಡಿದು ಮತ್ತೆ ಮಣ್ಣಿಗೆ ಹಾಕುವವನು ಹಳಿಯ ಪಕ್ಕದ ಆ ರೈತ. ಅವನ ಕೈಗೆ ಲೋಹವಿಲ್ಲದ, ರೋಗವಿಲ್ಲದ ನೀರು ಕೊಡುವ ಹೊಣೆ ನಮ್ಮದಾಗಿತ್ತು. ಕಾರ್ಖಾನೆಯ ಕೊಳೆ ಮತ್ತು ಮನೆಯ ಕೊಳೆ ಒಂದೇ ನಾಲೆಯಲ್ಲಿ ಬೆರೆಯದಂತೆ ಬೇರ್ಪಡಿಸಿದರೆ ಮಾತ್ರ ಕೊಳಚೆ ಮತ್ತೆ ಗೊಬ್ಬರವಾದೀತು. ಟ್ರಾಂಬೆಯ ಗೊಬ್ಬರ ಕಾರ್ಖಾನೆ ಮುಂಬಯಿಯ ಚರಂಡಿ ನೀರನ್ನು ಶುದ್ಧಮಾಡಿ ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ಅಷ್ಟು ದೂರ ಬಂದಿದ್ದೇವೆ. ನೀರನ್ನು ಮರಳಿ ಪಡೆದವರಿಗೆ ನೀರಿನಲ್ಲಿದ್ದ ಸಾರಜನಕವನ್ನೂ ಪಡೆಯುವುದು ಅಸಾಧ್ಯವೇನಲ್ಲ.

ಸಮುದ್ರದ ಮಾತು ಚುಟುಕಾಗಿ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು: ಮಳೆಗಾಲದ ಕೊನೆಗೆ ನಮ್ಮ ಪಶ್ಚಿಮ ಕರಾವಳಿಯ ಆಳವಿಲ್ಲದ ಸಮುದ್ರದಲ್ಲಿ ಆಮ್ಲಜನಕ ಇಲ್ಲವಾಗುತ್ತದೆ, ಅಲ್ಲಿಂದ ನೈಟ್ರಸ್ ಆಕ್ಸೈಡ್ ಏಳುತ್ತದೆ. ಇದು ಪ್ರಕೃತಿ ಸಹಜವಾಗಿ ನಡೆಯುವುದೇ, ನೆಲದಿಂದ ಹೋಗುವ ಪೋಷಕಗಳಿಂದ ಹೆಚ್ಚುತ್ತಿರಬಹುದು ಎಂಬುದು ಅವರ ಎಚ್ಚರಿಕೆ. ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಿಸಿ ಹಿಡಿಯುವ ಅನಿಲ ಅದು. ಅದಕ್ಕೆ ಯಾವ ದೇಶದ ಪಾಸ್‌ಪೋರ್ಟೂ ಬೇಕಿಲ್ಲ. ಉಡುಪಿ, ಕಾರವಾರದಿಂದ ಬಂದ ನೀವು ಮನೆಯಲ್ಲಿ ಮೀನಿನ ಮಾತು ಆಡುವವರು, ಇದನ್ನು ನನಗಿಂತ ಚೆನ್ನಾಗಿ ತಿಳಿಯಬಲ್ಲಿರಿ.

ಹಿಂದಿರುಗುವ ದಾರಿಯೂ ಇದೆ. ಡಾನ್ಯೂಬ್ ನದಿ ಹತ್ತು ದೇಶ ದಾಟಿ ಕಪ್ಪು ಸಮುದ್ರ ಸೇರುತ್ತದೆ. 1970-80ರ ದಶಕಗಳಲ್ಲಿ ಅದರ ಮುಖದ ಸಮುದ್ರ ಸತ್ತ ಹಾಗಿತ್ತು. 1990ರ ನಂತರ ಪೂರ್ವ ಯುರೋಪಿನ ಆರ್ಥಿಕತೆ ಕುಸಿದು ಗೊಬ್ಬರದ ಬಳಕೆ ಇಳಿದಾಗ ಆ ನೀರು ನಿಧಾನವಾಗಿ ಚೇತರಿಸಿಕೊಂಡಿತು. ಬಡತನದಿಂದ ಬಂದ ಆ ಚೇತರಿಕೆಯನ್ನು ನಾನು ಯಾರಿಗೂ ಬಯಸುವುದಿಲ್ಲ. ಆದರೆ ನೀರಿಗೆ ಮರಳಿ ಬರುವ ಶಕ್ತಿ ಇದೆ ಎಂಬುದು ಅದರಿಂದ ಗೊತ್ತಾಗುತ್ತದೆ. ಯುರೋಪು 1991ರಲ್ಲಿ ನೈಟ್ರೇಟಿಗಾಗಿಯೇ ಒಂದು ಕಾನೂನು ತಂದಿತು. 2019ರಲ್ಲಿ ಕೊಲಂಬೊದಲ್ಲಿ ಸೇರಿದ ದೇಶಗಳು ಪೋಲಾಗುವ ಸಾರಜನಕವನ್ನು 2030ರೊಳಗೆ ಅರ್ಧಕ್ಕೆ ಇಳಿಸೋಣ ಎಂದು ಘೋಷಿಸಿದವು. ಕೃಷ್ಣಾ ಕಣಿವೆಗೆ ಅಂಥದೊಂದು ಒಪ್ಪಂದ ಬೇಕು: ಗಡಿಯಲ್ಲಿ ನೀರಿನ ಟಿಎಂಸಿಯ ಪಕ್ಕದಲ್ಲಿ ನೈಟ್ರೇಟಿನ ಅಂಕಿಯೂ ದಾಖಲಾಗಬೇಕು, ಎರಡೂ ರಾಜ್ಯದವರು ಒಂದೇ ಪುಸ್ತಕದಲ್ಲಿ ಬರೆಯಬೇಕು.

ಹೊಲದಲ್ಲಿ ಆಗಬೇಕಾದದ್ದು ರೈತರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಹಾಕುವುದು, ಒಮ್ಮೆಗೇ ಸುರಿಯದೆ ಕಂತಿನಲ್ಲಿ ಕೊಡುವುದು, ಎರಚದೆ ಮಣ್ಣಿನೊಳಗೆ ಇಡುವುದು, ಹನಿ ನೀರಾವರಿಯಲ್ಲಿ ಬೆರೆಸುವುದು, ಹಳ್ಳದ ಅಂಚಿಗೆ ಒಂದು ಪಟ್ಟಿ ಹುಲ್ಲು ಬಿಡುವುದು. 2015ರಿಂದ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪವಾಗಿ ಬರುತ್ತಿದೆ, ಅದು ಯೂರಿಯಾ ನೈಟ್ರೇಟ್ ಆಗುವುದನ್ನು ತುಸು ನಿಧಾನಿಸುತ್ತದೆ. ಇದನ್ನೆಲ್ಲ ತಮ್ಮನಿಗೆ ಹೇಳಲು ನಾನು ಬೇಕಿರಲಿಲ್ಲ, ರೈತ ಸಂಪರ್ಕ ಕೇಂದ್ರದವರು ಮೊದಲೇ ಹೇಳಿದ್ದರು. ಅವನು ಕಿವಿಗೊಟ್ಟದ್ದು ಮೊಮ್ಮಗಳು ಕುಡಿಯುವ ನೀರಿನಲ್ಲಿ ಪಟ್ಟಿಯ ಬಣ್ಣ ನೋಡಿದ ಮೇಲೆ.

ಹೋದ ಹಂಗಾಮಿನಲ್ಲಿ ಅವನು ಎರಡೆಕರೆಗೆ ಹನಿ ನೀರಾವರಿ ಹಾಕಿಸಿ, ಎಕರೆಗೆ ಐದೇ ಚೀಲವನ್ನು ಕಂತು ಮಾಡಿ ಕೊಟ್ಟ. ತಿಪ್ಪೆಯನ್ನು ಬೋರಿನಿಂದ ದೂರ ಸರಿಸಿದ. ಕಬ್ಬಿನ ತೂಕ ಕಡಿಮೆಯಾಗಲಿಲ್ಲ ಎಂದು ಫೋನ್ ಮಾಡಿ ಹೇಳಿದ. ಪಟ್ಟಿಯನ್ನು ಮಾತ್ರ ಪ್ರತಿ ಅಮವಾಸ್ಯೆಗೆ ಅದ್ದಿ ಫೋಟೊ ಕಳಿಸುತ್ತಾನೆ. ಬಣ್ಣ ಇನ್ನೂ ಇಳಿದಿಲ್ಲ. ನೆಲದೊಳಗೆ ಇಪ್ಪತ್ತು ವರ್ಷ ಇಳಿದದ್ದು ಒಂದು ಹಂಗಾಮಿಗೆ ಮೇಲೆ ಬರುವುದಿಲ್ಲ ಎಂದು ತಿಳಿಸಿ ಹೇಳಿದ್ದೇನೆ. "ಆಗ್ಲಿ ಬಿಡಣ್ಣಾ, ಅದ್ದತಾ ಇರತೀನಿ," ಅಂದ. ಡಬ್ಬಿಯಲ್ಲಿ ಪಟ್ಟಿಗಳು ಮುಗಿಯುತ್ತ ಬಂದಿವೆ, ಇನ್ನೊಂದು ಡಬ್ಬಿಯನ್ನು ನಿನ್ನೆ ಕಲ್ಯಾಣದಿಂದ ಹೊರಟ ಊರಿನವರ ಕೈಯಲ್ಲಿ ಕಳಿಸಿದ್ದೇನೆ.